ಡಬ್ಬಿಯೊಳಗಿನ ಚಮಚ

ರೈಲು ಹತ್ತಿದಾಗಿನಿಂದಲೂ ಎದುರು ಸೀಟಿನ ಟೀಚರಮ್ಮ ಮಗುವಿನ ತಾಯಿಯೊಡನೆ ಸಲಿಗೆಯಿಂದಿದ್ದರು. ಅವಳು ಹಾಲಿನ ಪುಡಿ ಕಲಸುವುದನ್ನು ಕಂಡು, "ನಿಮ್ಮೆಜಮಾನ್ರು ಒಂದು ಕೈ ಹಾಕಲ್ವೇನಮ್ಮಾ?" ಎಂದು ಕೇಳಿದ್ದರು.

"ಅಯ್ಯೋ, ಈ ಡಬ್ಬಿ ಮುಚ್ಚಳ ಯಾವ ಕಡೆ ತಿರುಗುತ್ತೆ ಅಂತಾನೂ ಅವರಿಗೆ ಗೊತ್ತಿಲ್ಲ!" ಎಂದು ಅವಳು ನಕ್ಕಿದ್ದಳು. ಗಂಡನೂ ಪೇಪರಿನ ಮರೆಯಲ್ಲಿ ನಕ್ಕಿದ್ದ.

ಮಧ್ಯಾಹ್ನ ಟೀಚರಮ್ಮ ಊದಿದ ಕೈಯಿಂದ ಚಿನ್ನದ ಬಳೆ ಬಿಚ್ಚಿ, ಕೈಚೀಲದಲ್ಲಿಟ್ಟು ನಿದ್ದೆಹೋದರು. ಅವಳು ಮಗುವಿನ ಬಟ್ಟೆ ತೊಳೆದು ಬರುವಷ್ಟರಲ್ಲಿ ಬೋಗಿಯಲ್ಲಿ ಗಲಾಟೆಯೆದ್ದಿತ್ತು. ಬಳೆ ಇಲ್ಲ. ಸೀಟಿನಡಿ ಗುಡಿಸಿ ಹೋದ ಹೆಂಗಸಿನ ರಟ್ಟೆ ಹಿಡಿದು ರೈಲ್ವೆ ಪೊಲೀಸ್ ಎಳೆತಂದಿದ್ದ.

"ಸೀರೆ ಕೊಡವಿ ತೋರಿಸಿದ್ನಲ್ಲ ಸ್ವಾಮಿ! ಕೆಲಸ ಹೋದ್ರೆ ಮಕ್ಕಳ ಬಾಯಿಗೆ ಏನು ಹಾಕ್ಲಿ?"

"ಕಿಟಕಿಯಿಂದ ಯಾರಿಗೆ ಎಸೆದೆ? ಮುಂದಿನ ಸ್ಟೇಷನ್ನಲ್ಲಿ ಇಳಿ, ಬಾಯಿ ಬಿಡಿಸ್ತೀನಿ."

ಗದ್ದಲಕ್ಕೆ ಮಗು ಎದ್ದು ಅತ್ತಿತು. ತಾಯಿ ಡಬ್ಬಿ ತೆರೆದಳು. ಚಮಚ ಕಾಣಲಿಲ್ಲ. ಅವಳು ಅದನ್ನು ಯಾವಾಗಲೂ ಪುಡಿಯ ಮೇಲೆಯೇ ಇಡುತ್ತಿದ್ದಳು. ಬೆಳಿಗ್ಗೆಯಿಂದ ಎರಡು ಸಲ ಹಾಲು ಕಲಸಿ ತಗ್ಗಿದ್ದ ಪುಡಿ ಈಗ ಯಾರೋ ಕೆದಕಿದಂತೆ ಉಬ್ಬಿ ಅಂಚಿಗೆ ಬಂದಿತ್ತು. ಬೆರಳು ಇಳಿಸಿದಳು. ಮೊದಲು ಚಮಚ ಸಿಕ್ಕಿತು, ಅದರಡಿ ಗುಂಡಗೆ, ತಣ್ಣಗೆ ಇನ್ನೊಂದು.

ಅವಳು ತಲೆಯೆತ್ತಿದಳು. ಗಂಡನ ಅಂಗಿಯ ತೋಳಿನ ಅಂಚು ಪುಡಿ ಮೆತ್ತಿ ಬೆಳ್ಳಗಿತ್ತು.

"ರೀ, ನೀವೇ ಹೇಳಿಬಿಡಿ," ಎಂದು ಪಿಸುಗುಟ್ಟಿದಳು.

"ಮುಚ್ಚೇ ಡಬ್ಬೀನ," ಎಂದು ಅವನು ಹಲ್ಲು ಕಚ್ಚಿದ.

ರೈಲು ನಿಧಾನವಾಯಿತು. ಗುಡಿಸುವವಳು ಕಂಬಿ ತಬ್ಬಿ ಗೋಳಾಡುತ್ತಿದ್ದಳು. ತಾಯಿ ಬಳೆಯನ್ನು ಎಳೆದು ಎತ್ತಿ ಹಿಡಿದಳು. "ಇಲ್ಲಿದೆ. ಅವಳನ್ನ ಬಿಡಿ."

"ಡಬ್ಬಿ ಯಾರದ್ದು?" ಎಂದ ಪೊಲೀಸ್.

ಅವಳು ಗಂಡನನ್ನು ನೋಡಿದಳು. ಅವನು ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿಕೊಳ್ಳುತ್ತಿದ್ದ. "ನಾನು ಅದನ್ನ ಮುಟ್ಟಿದೋನೇ ಅಲ್ಲ ಸಾರ್. ಬೇಕಾದ್ರೆ ಟೀಚರಮ್ಮನ್ನ ಕೇಳಿ."

ಟೀಚರಮ್ಮ ಬಳೆ ಒರೆಸಿಕೊಳ್ಳುತ್ತ, "ಹೌದು, ಮುಚ್ಚಳ ತಿರುಗಿಸೋದೂ ಅವರಿಗೆ ಗೊತ್ತಿಲ್ಲ ಅಂತ ಅವಳೇ ಹೇಳಿದ್ಲು," ಎಂದರು. ಈಗ ಅವರ ಮಾತಿನಲ್ಲಿ 'ಅಮ್ಮಾ' ಇರಲಿಲ್ಲ.

"ಅವರ ತೋಳು ಬಿಡಿಸಿ ನೋಡಿ, ಪುಡಿ ಇದೆ."

"ಸಿಕ್ಕಿಬಿದ್ದ ಮೇಲೆ ಗಂಡನ ತಲೆಗೆ ಕಟ್ತೀಯಾ? ನಡಿ!"

ಬಿಡುಗಡೆಯಾದವಳು ಪೊರಕೆ ಎತ್ತಿಕೊಂಡು ತಾಯಿಯ ಮುಖಕ್ಕೇ ಉಗಿದಳು. "ಕೂಸಿನ ಹಾಲಲ್ಲಿ ಬಚ್ಚಿಟ್ಟಿದೀಯಲ್ಲೇ, ನೀನೂ ಒಬ್ಬ ತಾಯೇನೇ?"

ತಾಯಿ ಮಗುವಿಗಾಗಿ ಕೈಚಾಚಿದಳು. "ಪೊಲೀಸ್ ಸ್ಟೇಷನ್ನಿಗೆಲ್ಲ ಮಗು ಯಾಕೆ? ಅದನ್ನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದ ಗಂಡ. ಅದೇ ಸರಿ ಎಂದರು ಸುತ್ತಲಿನವರು.

ಪ್ಲಾಟ್‌ಫಾರ್ಮಿನಿಂದ ಅವಳಿಗೆ ಕಿಟಕಿಯೊಳಗಿನದೆಲ್ಲ ಕಾಣುತ್ತಿತ್ತು. ಮಗು ಕಿರುಚುತ್ತಿತ್ತು. ಅವನು ಡಬ್ಬಿ ತೆಗೆದುಕೊಂಡು, ಒಂದೇ ಸಲಕ್ಕೆ, ಸರಿಯಾದ ಕಡೆಗೇ ಮುಚ್ಚಳ ತಿರುಗಿಸಿದ.

ರೈಲು ಅಲುಗಿತು. ಅವಳು ಪೊಲೀಸನ ಹಿಡಿತದಲ್ಲಿ ಜಗ್ಗಾಡುತ್ತಲೇ ಕೂಗಿದಳು, "ನಾಲ್ಕು ಚಮಚ, ರೀ! ನೀರು ಬೆಚ್ಚಗಿರಲಿ!"