ಹಣ್ಣಿರುವಾಗಲೇ ಹೂ

ಚಂಡಮಾರುತ ಬಂದದ್ದು ತಮಿಳುನಾಡಿಗೆ. ಟಿವಿಯಲ್ಲಿ ತೋರಿಸಿದ್ದೂ ಅಲ್ಲಿನದನ್ನೇ: ತೇಲುವ ಕಾರು, ಬಿದ್ದ ಮರ, ದೋಣಿಯಲ್ಲಿ ಕೂತ ಅಜ್ಜಿಯರು. ಪಾಪ ಅನ್ನಿಸಿತು. ಅದರ ಬಾಲ ಕೊಟ್ಟಿಗೆಹಾರದ ಹತ್ತಿರದ ನಮ್ಮ ಎರಡೆಕರೆ ರೋಬಸ್ಟಾ ಕಾಫಿ ತೋಟಕ್ಕೂ ತಾಗಿ, ಕೊಯ್ಲಿನ ಹೊತ್ತಿನಲ್ಲಿ ಆಷಾಢದ ಹಾಗೆ ಸುರಿದದ್ದನ್ನು ಯಾರೂ ತೋರಿಸಲಿಲ್ಲ. ತೋರಿಸಲು ಏನಿತ್ತು? ಮನೆ ಬೀಳಲಿಲ್ಲ, ಗುಡ್ಡ ಜರಿಯಲಿಲ್ಲ, ಒಂದು ದನವೂ ಸಾಯಲಿಲ್ಲ.

ಮಳೆ ಬಿಟ್ಟು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಬಾಗಿಲು ತೆರೆದರೆ ಘಮಘಮ ಪರಿಮಳ. ನನ್ನ ಎದೆ ಧಸಕ್ಕೆಂದಿತು. ಕಾಫಿ ಹೂ ಬಿಡಬೇಕಾದ್ದು ಕೊಯ್ಲು ಮುಗಿದ ಮೇಲೆ, ಬೇಸಿಗೆ ಮಳೆಗೆ. ಗಿಡಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆಯೇ? ನೀರು ಬಿತ್ತು, ಅರಳಿತು. ಒಂದೇ ಕೊಂಬೆಯಲ್ಲಿ ಬುಡದ ಕಡೆ ಕೆಂಪು ಹಣ್ಣು, ತುದಿಯ ಕಡೆ ಬಿಳಿ ಹೂ. ಹಣ್ಣು ಈ ವರ್ಷದ ಅನ್ನ, ಹೂ ಮುಂದಿನ ವರ್ಷದ್ದು. ಹಣ್ಣಿಗೆ ಕೈ ಹಾಕಿದರೆ ಹೂ ಉದುರುತ್ತದೆ. ಹೂ ಕಾಯಿ ಕಟ್ಟಲಿ ಎಂದು ಕಾದರೆ ಹಣ್ಣು ಉಳಿಯುವುದಿಲ್ಲ. ಮಳೆಗೆ ಬಿರಿದು ಆಗಲೇ ಕಪ್ಪಾಗಿ ನೆಲಕ್ಕೆ ಬೀಳುತ್ತಿತ್ತು.

ನಮ್ಮ ಕಡೆ ಹೂ ಬಿಟ್ಟ ತೋಟದೊಳಗೆ ಯಾರೂ ಓಡಾಡುವುದಿಲ್ಲ. ನಮ್ಮನೆಯವರಂತೂ, ಸುಬ್ಬಣ್ಣನವರು, ಇದರಲ್ಲಿ ಮಹಾ ಕಟ್ಟುನಿಟ್ಟು. ಒಮ್ಮೆ ಹೂವಿನ ಹೊತ್ತಿನಲ್ಲಿ ಕರು ಒಳಗೆ ನುಗ್ಗಿದಾಗ ಅಟ್ಟಿಸಿಕೊಂಡು ಹೋಗದೆ, ಬೇಲಿಯಾಚೆ ನಿಂತು ಬೆಲ್ಲ ತೋರಿಸಿ ಕರೆದ ಮನುಷ್ಯ. ನನ್ನನ್ನು ಅಷ್ಟು ನಯವಾಗಿ ಎಂದೂ ಕರೆದವರಲ್ಲ.

ಆಳುಗಳನ್ನು ಕರೆತರುವ ಮೇಸ್ತ್ರಿ ಲಕ್ಕಯ್ಯ, ನಮ್ಮನೆಯವರು ಕೂತಿದ್ದ ಜಗಲಿಯ ಹತ್ತಿರ ಬಂದು ನಿಂತ.

"ಗೌಡ್ರೆ, ಇವತ್ತು ನಾಳೆ ಎರಡೇ ದಿನ. ಆಮೇಲೆ ದೊಡ್ಡ ಎಸ್ಟೇಟಿಗೆ ಒಪ್ಕಂಡೀನಿ. ಮತ್ತೆ ಬರ್ತೀನಿ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ."

"ಹೂವಿದ್ಯಲ್ಲ ಮಾರಾಯ."

"ಹೂವಿದೆ. ನಾನೆಂತ ಮಾಡ್ಲಿ ಹೇಳಿ?"

ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಬೆಳೆಹಾನಿ ಸರ್ವೆಗೆಂದು ನಂದನ್ ಎಂಬ ಹುಡುಗ ಬೈಕಿನಲ್ಲಿ ಬಂದ. ನನಗೆ ಜೀವ ಬಂದಂತಾಯಿತು. ಪರಿಹಾರ ಸಿಕ್ಕರೆ ಹಣ್ಣಿನ ಆಸೆ ಬಿಟ್ಟು ಹೂ ಉಳಿಸಿಕೊಳ್ಳಬಹುದಿತ್ತು.

ಬೇಲಿಯ ಬಳಿ ಅವನು ಕಣ್ಣರಳಿಸಿ ನಿಂತ. "ಅಬ್ಬಾ, ಎಷ್ಟು ಚೆನ್ನಾಗಿದೆ ಮೇಡಂ!"

"ಅದೇ ಹಾನಿ," ಎಂದೆ.

ಅವನು ನಕ್ಕ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ. ಎಲ್ಲ ಬಿಡಿಸಿ ಹೇಳಿದ ಮೇಲೆ ಅವನ ಮುಖ ಸಪ್ಪಗಾಯಿತು.

"ನಂಗೆ ಅರ್ಥ ಆಯ್ತು ಮೇಡಂ. ಆದ್ರೆ ಫೋಟೋ ಹಾಕ್ಬೇಕಲ್ಲ. ಮರ ಬಿದ್ದಿದ್ದು, ಗಿಡ ಮುರಿದಿದ್ದು, ಅಂಥದ್ದು. ಇದನ್ನ ಹಾಕಿದ್ರೆ ಮೇಲಿನವ್ರು ನಂಗೇ ಬೈತಾರೆ. ಹಾನಿ ಕಾಣೋ ಹಾಗಿದ್ರೆ ಸಂಜೆಯೊಳಗೆ ಕಳ್ಸಿ."

ಬಗ್ಗಿ ನೆಲದ ಫೋಟೋವನ್ನೂ ತೆಗೆದ. ತರಗೆಲೆಯ ನಡುವೆ ಕಪ್ಪು ಹಣ್ಣು ಮಣ್ಣಿನ ಹಾಗೇ ಕಂಡಿತು. ನಂಬರು ಕೊಟ್ಟು ಹೋದ. ಒಳ್ಳೆಯ ಹುಡುಗ. ಒಳ್ಳೆಯವರ ಮೇಲೆ ಸರಿಯಾಗಿ ಸಿಟ್ಟು ಮಾಡಲೂ ಆಗುವುದಿಲ್ಲ.

"ಕುಯ್ಸು," ಎಂದರು ನಮ್ಮನೆಯವರು, ನನ್ನ ಮುಖ ನೋಡದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಳುಗಳು ಬೇಲಿ ದಾಟಲಿಲ್ಲ. ಅವರಲ್ಲಿ ಹಿರಿಯಳಾದ ರಾಮಮ್ಮ ಹೇಳಿದಳು: "ಅಮ್ಮಾ, ಹೂವಿನ ಗಿಡಕ್ಕೆ ಕೈ ಹಾಕಕ್ಕೆ ನಂಗಾಗಲ್ಲ. ಮೊದ್ಲು ನೀವೇ ಹಾಕಿ."

ಸೆರಗು ಸಿಕ್ಕಿಸಿ ನಾನೇ ಹೊಕ್ಕೆ. ಮೊದಲ ಕೊಂಬೆ ಬಗ್ಗಿಸಿದ್ದೇ ತಡ, ಹೂ ನನ್ನ ತಲೆ, ಹೆಗಲು, ಕೈಮೇಲೆಲ್ಲ ಉದುರಿತು. ಜೇನ್ನೊಣಗಳು ಗುಂಯ್ ಎಂದು ಎದ್ದವು. ನನ್ನ ಹಿಂದೆ ಹೆಂಗಸರೂ ಒಬ್ಬೊಬ್ಬರಾಗಿ ಬೇಲಿ ದಾಟಿದರು. ಸಂಜೆಗೆ ಅರ್ಧ ತೋಟ ಮುಗಿದಿತ್ತು. ಗಿಡಗಳು ಬೋಳಾಗಿದ್ದವು, ನೆಲ ಬೆಳ್ಳಗಿತ್ತು. ಆ ನೆಲದ ಫೋಟೋ ತೆಗೆದು ನಂದನ್‌ಗೆ ಕಳಿಸಿದೆ.

ತಕ್ಷಣವೇ ಉತ್ತರ ಬಂತು: "ಸೂಪರ್ ಫೋಟೋ ಮೇಡಂ. ಹಾನಿದು ಇದ್ರೆ ಕಳ್ಸಿ."

ಬಾಗಿಲು ತೆರೆದುಕೊಂಡಿತು. ನಮ್ಮನೆಯವರು ಅಂಗಳಕ್ಕೆ ಬಂದು ತೋಟದ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಅತ್ತಿದ್ದರೆಂದು ಕಣ್ಣೇ ಹೇಳುತ್ತಿತ್ತು.

"ಎಂತ ಅಂದ ಆ ಹುಡುಗ?"

ನನಗೆ ನಿಜ ಹೇಳಲು ಮನಸ್ಸಾಗಲಿಲ್ಲ. "ಫೋಟೋ ಸರಿಯಾಗಿದೆಯಂತೆ. ಮಾಡ್ಕೊಡ್ತಾನಂತೆ," ಎಂದುಬಿಟ್ಟೆ.

ಅವರ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅರಳಿತು. ಸರಸರನೆ ಗೇಟಿನ ತನಕ ಹೋಗಿ, ಆಳುಗಳನ್ನು ಜೀಪಿಗೆ ಹತ್ತಿಸುತ್ತಿದ್ದ ಲಕ್ಕಯ್ಯನಿಗೆ ಕೂಗಿ ಹೇಳಿದರು:

"ಲಕ್ಕಯ್ಯಾ, ನಾಳೆ ಬರ್ಬೇಡ ಮಾರಾಯ! ಹಣ್ಣು ಹೋದ್ರೆ ಹೋಗ್ಲಿ, ಪರಿಹಾರ ಬರುತ್ತಂತೆ. ಉಳ್ದ ಅರ್ಧ ತೋಟದ ಹೂವಾದ್ರೂ ಇರ್ಲಿ!"

ಕೂಗಬೇಕೆಂದು ನಾನು ಎರಡು ಹೆಜ್ಜೆ ಓಡಿದೆ. ಅವರು ನಗುತ್ತ ನನ್ನ ಕಡೆ ತಿರುಗಿದರು. ನಾನು ಅಲ್ಲೇ ನಿಂತುಬಿಟ್ಟೆ, ಜೀಪು ಹೊರಟುಹೋಯಿತು.