ತಿಳಿಯಾಗಿ ಉಳಿದ ನೀರು

ಕೊಡಿಗೇನಹಳ್ಳಿಯಿಂದ ಮಧುಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ, ಗಾಡಿಯಲ್ಲಿ ಮಲಗಿದ್ದ ಮುದ್ದಕ್ಕನ ಸೊಸೆ ನರಸಿಂಹಮ್ಮ ಮತ್ತೆ ಮತ್ತೆ ಕಕ್ಕಿದ್ದಳು. ತುಂಬಿದ ಬಸುರಿ. ಬಸುರಿಗೆ ವಾಂತಿ ಸಹಜವೆಂದು ಸುಮ್ಮನಿರೋಣವೆಂದರೆ, ಮುದ್ದಕ್ಕನ ಹೊಟ್ಟೆಯೊಳಗೆ ಹಾಳು ಗುಮಾನಿಯೊಂದು ಕೂತಿತ್ತು.

ಆಗಿದ್ದಿಷ್ಟು. ಪ್ಲೇಗಿನ ಕಾಲ. ಸರ್ಕಾರದ ಜವಾನ ಮನೆಮನೆಗೆ ಇಲಿಪಾಷಾಣ ಹಂಚಿ, ರಾಗಿಹಿಟ್ಟಿಗೆ ಬೆರೆಸಿ ಉಂಡೆ ಕಟ್ಟಿ ಮೂಲೆಗಿಡಿ ಅಂದಿದ್ದ. ಈ ಮಹಾತಾಯಿ ಮುದ್ದಕ್ಕ ಆ ಪೊಟ್ಟಣವನ್ನು ಗೋಡೆಗೂಡಿನಲ್ಲಿಟ್ಟಳು, ಅದೂ ರಂಗೋಲಿ ಪುಡಿಯ ಪೊಟ್ಟಣದ ಪಕ್ಕಕ್ಕೇ! ಎರಡೂ ಬಿಳುಪು, ಎರಡಕ್ಕೂ ವಾಸನೆಯಿಲ್ಲ. ನಿನ್ನೆ ಸಂಜೆ ಮಬ್ಬಿನಲ್ಲಿ ಒಂದನ್ನು ಹಿಟ್ಟಿಗೆ ಸುರಿದು ಕಲೆಸಿ, ಕಾಗದ ಒಲೆಗೆ ಹಾಕಿ, ಉಂಡೆ ನಾಳೆ ಕಟ್ಟಿದರಾಯಿತೆಂದು ಮೊರದಲ್ಲೇ ಬಿಟ್ಟಳು. ಇದೊಂದೂ ತಿಳಿಯದ ಸೊಸೆ, ಹಿಟ್ಟು ಹಾಳಾಗಬಾರದೆಂದು ಬೆಳಗ್ಗೆ ಅಷ್ಟನ್ನೂ ಅಂಬಲಿ ಕಾಯಿಸಿ ಕುಡಿದಳು. ಮಗ ಹಿಂದೂಪುರಕ್ಕೆ ಹೋಗಿದ್ದ, ಮುದ್ದಕ್ಕ ಸೋಮವಾರದ ಒಪ್ಪೊತ್ತೆಂದು ಅಂಬಲಿ ಮುಟ್ಟಿರಲಿಲ್ಲ.

“ಯಾವ್ದು ಬೆರೆಸ್ಬುಟ್ನೋ ಗೊತ್ತಿಲ್ಲ ಸ್ವಾಮಿ! ಉಳಿದಿರೋದು ಇದು,” ಎಂದು ಮಡಿಲಿನಿಂದ ಪೊಟ್ಟಣ ತೆಗೆದಳು.

ಡಾಕ್ಟರು ನಂದೀಶ್ವರಯ್ಯ ಹಣೆ ಉಜ್ಜಿಕೊಂಡರು. “ಸರ್ಕಾರದ ಈ ಇಲಿಪಾಷಾಣಕ್ಕೆ ಮದ್ದು ಭೇದಿ ಉಪ್ಪು. ಆದ್ರೆ ಬಸುರಿಗೆ ಅಷ್ಟು ಭೇದಿ ಮಾಡಿಸಿದ್ರೆ ಕೂಸು ನಿಲ್ಲೋದು ಕಷ್ಟ. ನೋಡದೆ ಕೊಡಕ್ಕಾಗಲ್ಲ.”

ಗಾಜಿನ ನಳಿಗೆಗೆ ಚಿಟಿಕೆ ಪುಡಿ ಹಾಕಿ ಆಸಿಡ್ ಬಿಟ್ಟರು. ಬುಸ್ಸೆಂದು ನೊರೆಯೆದ್ದು ಪುಡಿ ಕರಗಿತು. ಮುದ್ದಕ್ಕ ಕಿಟಾರನೆ ಕಿರುಚಿದಳು.

“ಎರಡೂ ಹೀಗೇ ನೊರೆಯೇಳ್ತವೆ. ಈಗ ಭೇದಿ ಉಪ್ಪಿನ ನೀರು ಬಿಡ್ತೀನಿ. ಪಾಷಾಣ ಆದ್ರೆ ಬೆಳ್ಳಗೆ ಒಡೆದು ತಳ ಕೂರುತ್ತೆ. ರಂಗೋಲಿ ಆದ್ರೆ ತಿಳಿಯಾಗೇ ಇರುತ್ತೆ.”

ಹನಿ ಬಿತ್ತು. ಮುದ್ದಕ್ಕ ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊತ್ತಳು. ಕಣ್ಣು ಬಿಟ್ಟರೆ, ನೀರು ಬಾವಿನೀರಿನಷ್ಟು ತಿಳಿ!

“ವಿಸ ಅಲ್ಲ! ಬದುಕ್ಕಂಡ್ಲು ಕಣಪ್ಪೋ!” ಎಂದು ಸೊಸೆಯ ಕೆನ್ನೆ ಸವರಿದಳು.

ಡಾಕ್ಟರ ಮುಖ ಬಿಳಿಚಿಕೊಂಡಿತ್ತು. “ಇದು ಉಳಿದ ಪೊಟ್ಟಣ ಅಲ್ವೇನಮ್ಮ?”

ಮುದ್ದಕ್ಕ ಪೊಟ್ಟಣದತ್ತ ನೋಡಿದಳು. ಉಳಿದದ್ದು ರಂಗೋಲಿ. ಸೊಸೆಯ ಹೊಟ್ಟೆಗೆ ಹೋದದ್ದು ಇನ್ನೊಂದು.

ಡಾಕ್ಟರು ಲೋಟದ ತುಂಬ ಉಪ್ಪಿನ ನೀರು ಕದಡಿದರು. “ಕುಡಿಸು. ಹೊಟ್ಟೇಲಿ ವಿಷ ಬೆಳ್ಳಗೆ ಒಡೀಬೇಕು. ಕರಗದಿದ್ದ ವಿಷ ಮೈಗೆ ಹತ್ತಲ್ಲ.”

“ಕೂಸು, ಸ್ವಾಮಿ?”

“ಮೊದ್ಲು ತಾಯಿ.”

ನರಸಿಂಹಮ್ಮನ ಬೆರಳುಗಳಿಗೆ ಲೋಟ ಹಿಡಿಯುವ ಬಲವಿರಲಿಲ್ಲ. ಅತ್ತೆಯ ಮುಖವನ್ನೇ ದಿಟ್ಟಿಸಿದಳು. “ಅತ್ತೆಮ್ಮ, ಇದನ್ನಾದ್ರೂ ನೋಡಿ ತಂದಿದ್ದೀಯಾ?”

ಮುದ್ದಕ್ಕ ತಾನೇ ಮೊದಲು ಒಂದು ಗುಟುಕು ಕುಡಿದಳು. ವಿಪರೀತ ಕಹಿ. ಆಮೇಲೆ ಲೋಟವನ್ನು ಸೊಸೆಯ ತುಟಿಗೆ ಹಿಡಿದಳು.

ಹೊತ್ತು ಇಳಿಯುವಾಗ ನರಸಿಂಹಮ್ಮನ ಬೆರಳುಗಳಿಗೆ ಬಲ ಮರಳಿತು; ಅವು ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದವು. ಮುದ್ದಕ್ಕ ಇನ್ನೊಂದು ಕೈಯನ್ನು ಸೊಸೆಯ ಹೊಟ್ಟೆಯ ಮೇಲಿಟ್ಟು, ಒಳಗಿನಿಂದ ಒಂದು ಒದೆತಕ್ಕಾಗಿ ಕಾಯುತ್ತ ಕೂತಳು.