ತಾಯಿ ಪಾತ್ರಕ್ಕೆ ಹಾಡಿಲ್ಲ

"ತಾಯಿ ಪಾತ್ರಕ್ಕ ಹಾಡ ಎಲ್ಲೈತ್ರಿ, ಮಾಸ್ತರ?"

ಪೇಟಿ ಮಾಸ್ತರ ಬಂದಗಿಸಾಬರು ಹಾರ್ಮೋನಿಯಂ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸುತ್ತಲೇ ಇದ್ದರು. ಕೇಳಿದ ರಂಜನಾಳ ಕಡೆ ನೋಡಲಿಲ್ಲ. ಗೊಳಸಂಗಿಯ ಹುಡುಗರು ವರ್ಷಕ್ಕೊಮ್ಮೆ ಆಡುವ ನಾಟಕಕ್ಕೆ ಅವಳು ಇಂಡಿಯಿಂದ ಬರುವುದು ಹೊಸದಲ್ಲ. ಬೆಳಿಗ್ಗೆ ಬಸ್ಸಿಳಿದು, ಮಧ್ಯಾಹ್ನ ಊರವರೊಡನೆ ಒಂದು ತಾಲೀಮು ಮುಗಿಸಿ, ರಾತ್ರಿ ಬಣ್ಣ ಹಚ್ಚುವುದು. ಇಷ್ಟು ವರ್ಷ ಯಾವ ಊರಾದರೂ ನಾಯಕಿ ಅವಳೇ. ಇವತ್ತು ಬ್ಯಾನರಿನಲ್ಲಿ ಸಿಂದಗಿಯ ಐಶ್ವರ್ಯಾ ಆಳೆತ್ತರ ನಿಂತಿದ್ದಳು. ರಂಜನಾ ಮೂಲೆಯಲ್ಲಿ, ಆಧಾರ್ ಕಾರ್ಡಿನ ಫೋಟೋದಷ್ಟು.

"ನಾ ಸತ್ತ ಮ್ಯಾಲ ನೀವ ಅಳೂದು, ಅಕ್ಕಾರ. ಭಾರಿ ಪಾರ್ಟ್ ಐತಿ," ಎಂದ ನಾಯಕನ ಪಾತ್ರದ ಚೇತನಕುಮಾರ.

"ಮೊದಲ ನೀ ಮಾತ ಮರೀದಂಗ ಸಾಯಪಾ."

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಒಂದು ಊರಿನಲ್ಲಿ ನರೆಗೂದಲು ಕಟ್ಟಿದರೆ ಸಾಕು, ಅವಳಿಗಿಂತ ಮೊದಲು ಆ ವಿಡಿಯೋ ಮನಗೂಳಿ, ಮುದ್ದೇಬಿಹಾಳ ಮುಟ್ಟುತ್ತದೆ. ಆಮೇಲೆ ಎಲ್ಲ ಕಡೆಯೂ ತಾಯಿಯೇ. ತಾಯಂದಿರನ್ನು ಯಾರೂ ಹಾಡಿಸುವುದಿಲ್ಲ.

ತಾಲೀಮು ಶುರುವಾಯಿತು. ಐಶ್ವರ್ಯಾ ಚೆನ್ನಾಗಿ ಕುಣಿದಳು. ಹಾಡಿನ ಎರಡನೆಯ ಸಾಲಿಗೆ ದನಿ ಒಡೆಯಿತು. ಬಂದಗಿಸಾಬರು ಶ್ರುತಿ ಇಳಿಸಿದರು, ಮತ್ತೆ ಇಳಿಸಿದರು.

"ಫೋನಿನ್ಯಾಗ ಹಚ್ಚರಿ, ಬಾಯಿ ಆಡಸ್ತೇನಿ," ಎಂದಳು ಹುಡುಗಿ.

"ನಾ ಪೇಟಿ ಮುಂದ ಕುಂತಾಗ ಫೋನ್ ಹಾಡಂಗಿಲ್ಲವಾ."

ಅವರು ಎದ್ದು ರಂಜನಾಳ ಬಳಿ ಬಂದರು. ದನಿ ತಗ್ಗಿಸಿದರು. "ತಂಗೀ, ಪರದೆ ಹಿಂದ ಒಂದ ಮೈಕ್ ಐತಿ. ನೀ ಹಾಡು, ಆಕಿ ಕುಣೀತಾಳ."

ರಂಜನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹಾಡುಗಳೆಲ್ಲ ಅವಳಿಗೇ ಸಿಗುತ್ತವೆ. ಚಪ್ಪಾಳೆ ಮಾತ್ರ ಅವಳದಲ್ಲ.

"ಪರದೆ ಹಿಂದ ಒಲ್ಲೆ. ನಿಮ್ಮ ಪೇಟಿ ಬಾಜೂಕ ಕುಂದ್ರತೇನಿ. ನಾ ಹಾಡೂದು ಮಂದಿಗೆ ಕಾಣಬೇಕು."

ಗೆಜ್ಜೆ ಬಿಚ್ಚುತ್ತಿದ್ದ ಐಶ್ವರ್ಯಾ ತಲೆ ಎತ್ತಿದಳು. "ಅಕ್ಕಾ, ನನಗ ಹಾಡಾಕ ಬರೂದಿಲ್ಲಂತ ಊರಿಗೇ ತೋರಿಸಿದಂಗ ಆಗ್ತೈತಿ. ಮುಂದ ನನ್ನ ಯಾರ ಕರೀತಾರ?"

"ನನ್ನ ಯಾರ ಕರೀತಾರವಾ?"

ಚೇತನಕುಮಾರ ತನ್ನ ಮಾತಿನ ಹಾಳೆಯಲ್ಲಿ ಮುಖ ಹುದುಗಿಸಿದ. ಬಂದಗಿಸಾಬರು ಹೋಗಿ ಪೇಟಿಯ ಮುಂದೆ ಕುಳಿತರು.

ರಂಜನಾ ಪರದೆಯ ಹಿಂದಿದ್ದ ಮೈಕಿನ ಸ್ಟ್ಯಾಂಡನ್ನು ತಾನೇ ಹೊರಗೆ ಎಳೆದಳು. ಪರದೆಯ ಅಂಚಿಗೆ ಬರುವಷ್ಟರಲ್ಲಿ ವೈರು ಬಿಗಿಯಿತು. ಇನ್ನೊಮ್ಮೆ ಜಗ್ಗಿದಳು. ಕಂಬಕ್ಕೆ ಕಟ್ಟಿದ ಗಂಟು ಇನ್ನಷ್ಟು ಗಟ್ಟಿಯಾಯಿತು. ಅಲ್ಲೇ ಕುಳಿತಳು. ಒಂದು ಮೊಣಕಾಲು ಬಿಸಿಲಿಗೆ, ಒಂದು ಒಳಗೆ. ಬಂದಗಿಸಾಬರು ಶ್ರುತಿಯನ್ನು ಮೊದಲಿನ ಎತ್ತರಕ್ಕೆ ತಂದು ಹಿಡಿದರು. ಐಶ್ವರ್ಯಾ ಗೆಜ್ಜೆಯನ್ನು ಮತ್ತೆ ಕಟ್ಟಿಕೊಂಡು, ಅವಳಿಗೆ ಬೆನ್ನು ಮಾಡಿ, ಎರಡೂ ಕೈ ಎತ್ತಿ ಕಾಯುತ್ತ ನಿಂತಳು.